ಹಲಗೆಯಲ್ಲಿಲ್ಲದ ಸೂಜಿ

ಆಸ್ಪತ್ರೆಯ ಚಾದರವನ್ನು ಒಬ್ಬಳೇ ಒದರಲು ಆಗುವುದಿಲ್ಲ. ಇಬ್ಬರು ಬೇಕು. ನಾಲ್ಕು ಮೂಲೆ ಹಿಡಿದು, ಬಿಗಿಯಾಗಿ ಎಳೆದು, ದೀಪದ ಬೆಳಕಿಗೆ ಒಡ್ಡಿ, ಒಂದು ಸಲ ಫಟ್ಟನೆ ಬಡಿಯಬೇಕು. ಆಗ ಉದುರುತ್ತದೆ. ರಕ್ತ ಹೆಪ್ಪುಗಟ್ಟಿದ ಹತ್ತಿ, ಅಂಟುಪಟ್ಟಿ, ಯಾರದೋ ಹಲ್ಲುಸೆಟ್ಟು, ಒಮ್ಮೊಮ್ಮೆ ಕನ್ನಡಕ. ಮತ್ತೆ ಸೂಜಿ.

ಸೂಜಿ ಚಾದರದೊಳಗೆ ತಾನಾಗಿ ಹುಟ್ಟುವುದಿಲ್ಲ. ಮೇಲಿನ ಮಹಡಿಗಳಲ್ಲಿ ಓದಿದವರು ಇದ್ದಾರೆ. ಅವರು ರೋಗಿಗೆ ಚುಚ್ಚುತ್ತಾರೆ. ಚುಚ್ಚಿದ ಸೂಜಿಯನ್ನು ಬಿಳಿ ಡಬ್ಬಿಗೆ ಹಾಕಲು ಎರಡು ಹೆಜ್ಜೆ ನಡೆಯಬೇಕು. ಆ ಎರಡು ಹೆಜ್ಜೆ ಅವರಿಗೆ ಭಾರ. ಹಾಸಿಗೆಯ ಮೇಲೇ ಬಿಸಾಕುತ್ತಾರೆ. ಬಿಸಾಕಿದ್ದು ಚಾದರದಲ್ಲಿ ಸುತ್ತಿಕೊಂಡು, ಗಂಟು ಕಟ್ಟಿಸಿಕೊಂಡು, ಜಾರುಕೊಳವೆಯಲ್ಲಿ ಜಾರಿ ನೆಲಮಾಳಿಗೆಗೆ ಬಂದು ಬೀಳುತ್ತದೆ. ಅಲ್ಲಿಗೆ ಅವರ ಕೈ ಸ್ವಚ್ಛ.

ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರು ಹತ್ತೊಂಬತ್ತು ಹೆಂಗಸರು. ಕಿಟಕಿ ಇಲ್ಲ. ಆರು ಯಂತ್ರ, ಒಂದು ಬಾಯ್ಲರು, ತಲೆ ತಾಗುವಷ್ಟು ಕೆಳಗೆ ಹಾದುಹೋದ ಹಬೆಯ ಕೊಳವೆಗಳು. ಸೋಡಾ ನೀರಿಗೆ ಬೆರಳ ತುದಿಯ ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿಯುತ್ತದೆ. ಹಾಜರಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ತಂದಾಗ ಇವರಲ್ಲಿ ಹನ್ನೆರಡು ಜನರ ಹೆಬ್ಬೆಟ್ಟನ್ನು ಅದು ಮನುಷ್ಯರದೆಂದು ಒಪ್ಪಲಿಲ್ಲ. ಕೊನೆಗೆ ಕತ್ತಿಗೆ ಬಿಲ್ಲೆ ತೂಗುಹಾಕಿದರು.

ಇವರಲ್ಲಿ ಹಿರಿಯವಳಿಗೆ ಗುಡುಗಕ್ಕ ಎಂದು ಹೆಸರು ಬಿದ್ದಿತ್ತು. ಇಪ್ಪತ್ನಾಲ್ಕು ವರ್ಷ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತಿತ್ತು. ಎರಡು ವರ್ಷದಿಂದ ಅವಳ ಸೊಸೆಯೂ ಅಲ್ಲೇ ಕೆಲಸಕ್ಕಿದ್ದಳು. ಮನೆಯಲ್ಲಿ ಅತ್ತೆ ಸೊಸೆಗೆ ಒಲೆಯ ಉರಿಯಿಂದ ಹಿಡಿದು ಎಂಟು ತಿಂಗಳ ಕೂಸಿನ ಟೋಪಿಯವರೆಗೆ ಜಗಳ. ಚಾದರದ ಎರಡು ತುದಿಗೆ ನಿಂತರೆ ಮಾತೇ ಬೇಡ. ಒಬ್ಬಳು ಎಳೆದರೆ ಇನ್ನೊಬ್ಬಳು ಬಿಗಿ ಹಿಡಿಯುವಳು. ಇಬ್ಬರ ಕಣ್ಣೂ ಒಂದೇ ಸಲ ಒಂದೇ ಜಾಗಕ್ಕೆ ಹೋಗುತ್ತಿತ್ತು. ಸೊಸೆ ಬಂದ ಮೇಲೆ ಅವರ ಜೋಡಿಗೆ ಒಂದು ಸೂಜಿಯೂ ಚುಚ್ಚಿರಲಿಲ್ಲ.

ಹೀಗಿರುವಾಗ ಬಣ್ಣದ ಸಾಹೇಬ ಬಂದ.

ಅವನ ನಿಜವಾದ ಹುದ್ದೆ ಏನೆಂದು ಯಾರಿಗೂ ನಾಲಿಗೆ ಹೊರಳಲಿಲ್ಲ. ಗೋಡೆಯ ಮೇಲೆ ದೊಡ್ಡ ಪರದೆ ಹಾಕಿ, ಯಾರು ಎಷ್ಟು ಕೆಲಸ ಮಾಡಿದರು ಎಂದು ಬಣ್ಣದಲ್ಲಿ ತೋರಿಸುವುದು ಅವನ ಕಸುಬು. ಡ್ಯಾಶ್‌ಬೋರ್ಡ್ ಎಂದ. ಹೆಂಗಸರು ಹಲಗೆ ಎಂದರು. ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದು, ಒದ್ದೆಯಿಲ್ಲದ ಜಾಗ ಹುಡುಕಿ ನಿಂತು, ನಗುನಗುತ್ತ ಕೇಳಿದ.

"ನಿಮಗೆ ಹಲಗೆ ಮೇಲೆ ಏನು ಕಾಣಬೇಕು? ನಾಚ್ಕೋಬೇಡಿ. ಬಳಸೋರನ್ನ ಕೇಳದೆ ನಾನು ಗೆರೆ ಎಳೆಯೋದಿಲ್ಲ."

"ಸೂಜಿ" ಎಂದಳು ಗುಡುಗಕ್ಕ.

"ಸೂಜಿ ಅಂದ್ರೆ?"

"ಯಾವ ವಾರ್ಡಿನ ಗಂಟಲ್ಲಿ ಎಷ್ಟು ಸೂಜಿ ಬಂತು ಅಂತ. ಆರನೇ ವಾರ್ಡು, ಆಪರೇಷನ್ ಕೋಣೆ, ಇವೆರಡೂ ಕಣ್ಣು ಮುಚ್ಕೊಂಡು ಬಿಸಾಕ್ತವೆ. ಅವರ ಗಂಟು ಅಂತ ಗೊತ್ತಾದ್ರೆ ನಾವು ಎರಡು ಸಲ ಒದರ್ತೀವಿ. ಅವರಿಗೂ ಒಂಚೂರು ನಾಚಿಕೆ ಆಗತ್ತೆ."

"ಬಹಳ ಒಳ್ಳೆ ಅಂಶ" ಎಂದ ಬಣ್ಣದ ಸಾಹೇಬ. ಪುಸ್ತಕದಲ್ಲಿ ಬರೆದುಕೊಂಡ. ಬರೆದದ್ದರ ಕೆಳಗೆ ಗೆರೆಯನ್ನೂ ಎಳೆದ.

ತಿಂಗಳಿಗೆ ಹಲಗೆ ಬಂತು. ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಅಕ್ಷರ ದಪ್ಪ, ಅಂಕಿ ದಪ್ಪ, ಸುತ್ತ ಖಾಲಿ ಜಾಗ. ಕಣ್ಣು ಮಂಜಾದ ಮುದುಕಿಗೂ ದೂರದಿಂದ ಕಾಣುತ್ತಿತ್ತು. ಹತ್ತೊಂಬತ್ತು ಹೆಂಗಸರಿಗೆ ಹತ್ತೊಂಬತ್ತು ಪಟ್ಟಿ. ಗಂಟೆಗೆ ನಲವತ್ತು ಚಾದರ ಯಂತ್ರಕ್ಕೆ ಹಾಕಿದವಳ ಪಟ್ಟಿ ಹಸಿರು, ಮೂವತ್ತಕ್ಕೆ ಹಳದಿ, ಅದಕ್ಕಿಂತ ಕೆಳಗಾದರೆ ಕೆಂಪು. ಎಡಮೂಲೆಯಲ್ಲಿ ಒಂದು ಎಲೆಯ ಚಿತ್ರ, ಅದರ ಪಕ್ಕ ಒಂದು ದೊಡ್ಡ ಸಂಖ್ಯೆ. ಅಪಘಾತವಿಲ್ಲದೆ ಕಳೆದ ದಿನಗಳು, ಹಲಗೆ ಬರುವ ಮೊದಲಿನ ದಾಖಲೆಯಿಂದಲೇ ಎಣಿಸಿದ್ದು. ಹಲಗೆಯಲ್ಲಿ ಎಲ್ಲವೂ ಇತ್ತು. ಸೂಜಿ ಇರಲಿಲ್ಲ.

"ಬರ್ಕೊಂಡ್ರಲ್ಲ ಸಾಹೇಬ್ರೇ, ಅದೆಲ್ಲಿ ಹೋಯ್ತು?" ಎಂದು ಗುಡುಗಕ್ಕ ಕೇಳಿದಳು.

"ನೋಡಮ್ಮ, ಹಲಗೆ ಅಂದ್ರೆ ಐದು ಸೆಕೆಂಡಲ್ಲಿ ಅರ್ಥ ಆಗ್ಬೇಕು. ಎಲ್ಲಾ ತುರುಕಿದ್ರೆ ಯಾವುದೂ ಕಾಣೋದಿಲ್ಲ. ಬೇಡದ್ದನ್ನ ತೆಗೆಯೋದೇ ನಮ್ಮ ವಿದ್ಯೆ."

"ಬೇಡದ್ದು ಅಂದ್ರೆ ಯಾರಿಗೆ ಬೇಡದ್ದು?"

"ನೋಡೋರಿಗೆ."

"ನೋಡೋರು ಯಾರು?"

ಅವನು ಬೆರಳನ್ನು ಮೇಲಕ್ಕೆ ತೋರಿಸಿದ.

"ದೇವರಾ?" ಎಂದಳು ಹಿಂದಿದ್ದ ಕುಳ್ಳಿ.

"ಮೂರನೇ ಮಹಡಿ" ಎಂದ ಅವನು, ತಮಾಷೆ ತಿಳಿಯದೆ. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆ ನಗು ಒಂದು ವಾರವೂ ಉಳಿಯಲಿಲ್ಲ.

ಚಾದರಕ್ಕೊಂದು ಚೀಟಿ ಹೊಲಿದಿದ್ದರು. ಚೀಟಿಯನ್ನೂ ಕತ್ತಿನ ಬಿಲ್ಲೆಯನ್ನೂ ಯಂತ್ರದ ಕಣ್ಣೊಂದಕ್ಕೆ ತೋರಿಸಿದರೆ ಅದು ಟಿಂಗ್ ಎನ್ನುತ್ತಿತ್ತು. ಒಂದು ಚಾದರ, ಒಂದು ಬಿಲ್ಲೆ, ಒಂದು ಟಿಂಗ್. ಇಬ್ಬರು ಸೇರಿ ಒಂದು ಚಾದರ ಒದರುತ್ತಾರೆ ಎಂಬುದು ಆ ವಿದ್ಯಾವಂತನ ತಲೆಗೆ ಹೊಳೆದೇ ಇರಲಿಲ್ಲ. ಅವನ ಮನೆಯ ಚಾದರವನ್ನು ಯಾರು ಒದರುತ್ತಿದ್ದರೋ. ಸೊಸೆ ಟಿಂಗ್ ಮಾಡಿಸಿದರೆ ಅತ್ತೆಯ ಪಟ್ಟಿ ಮಲಗುತ್ತಿತ್ತು. ಅತ್ತೆ ಮಾಡಿಸಿದರೆ ಸೊಸೆಯದು. ನಿನಗೊಂದು ನನಗೊಂದು ಎಂದು ಹಂಚಿಕೊಂಡರೆ ಇಬ್ಬರೂ ಕೆಂಪು. ಬಡಿದು, ಬಗ್ಗಿ, ಉದುರಿದ್ದನ್ನು ಹೆಕ್ಕುವ ಹೊತ್ತನ್ನು ಹಲಗೆ 'ಸುಮ್ಮನಿದ್ದ ಸಮಯ' ಎಂದು ತೋರಿಸಿತು. ಮೊದಲ ಶನಿವಾರವೇ ಮ್ಯಾನೇಜರ್ ಜೋಡಿಗಳನ್ನು ಒಡೆದ. ಒಬ್ಬೊಬ್ಬರಿಗೆ ಒಂದೊಂದು ಮೇಜು. ಯಾವುದೇ ಏಳು ದಿನದೊಳಗೆ ಮೂರು ದಿನ ಕೆಂಪಾದರೆ ಗೇಟಿನ ಹೊರಗೆ ಎಂದು ಚೀಟಿ ಅಂಟಿಸಿದ.

ಒಬ್ಬಳೇ ಆದರೆ ಏನು ಮಾಡಬೇಕು? ನಡುವಲ್ಲಿ ಚಿವುಟಿ ಹಿಡಿದು, ಎತ್ತಿ, ಯಂತ್ರದ ಬಾಯಿಗೆ ತುರುಕಬೇಕು. ಒಳಗೆ ಏನಿದೆಯೆಂದು ನೋಡಿದವಳು ಕೆಂಪು. ನೋಡದವಳು ಹಸಿರು. ಇಷ್ಟೇ ಆ ಹಲಗೆಯ ಅರ್ಥ. ಹೌದು, ಐದು ಸೆಕೆಂಡಿನಲ್ಲಿ ತಿಳಿಯುತ್ತಿತ್ತು.

ಗುಡುಗಕ್ಕ ಗುಡುಗಿದಳೇ? ಇಲ್ಲ. ಅದನ್ನೂ ಹೇಳಿಬಿಡಬೇಕು. ಅವಳೂ ಹಸಿರಾಗಲು ಕಲಿತಳು. ನಲವತ್ತೆರಡು, ನಲವತ್ತಮೂರು. ಮೂರನೇ ಮಹಡಿಯಿಂದ ಇಳಿದುಬಂದ ಯಾರೋ ಅವಳ ಪಟ್ಟಿ ತೋರಿಸಿ ಚಪ್ಪಾಳೆ ಹೊಡೆಸಿದಾಗ ತಲೆ ತಗ್ಗಿಸಿ ನಿಂತಳು. ಒಳಗೆ ಸ್ವಲ್ಪ ಹಿಗ್ಗೂ ಆಯಿತು. ಸೊಸೆ ಮಾತ್ರ ಒಬ್ಬಳೇ ಮೇಜಿನ ಮೇಲೆ ಚಾದರ ಹರಡಿ, ಮಡಿಕೆ ಮಡಿಕೆ ಬಿಡಿಸಿ ನೋಡುತ್ತಿದ್ದಳು. ಒಂದು ವಾರ ಶುಕ್ರ ಶನಿ ಎರಡೂ ದಿನ ಅವಳ ಪಟ್ಟಿ ಕೆಂಪಾಯಿತು.

"ಒದರಬೇಡ, ನೋಡಬೇಡ. ಎತ್ತು, ಹಾಕು" ಎಂದಳು ಅತ್ತೆ. "ಇನ್ನೊಂದು ಕೆಂಪಾದ್ರೆ ನಿನ್ನ ಹೊರಗೆ ಹಾಕ್ತಾರೆ."

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸೊಸೆ ಎತ್ತಿದಳು, ಹಾಕಿದಳು. ಹಾಕುವಾಗ ಅಂಗೈಯ ಮೆತ್ತನೆ ಜಾಗಕ್ಕೆ ಸೂಜಿ ಪೂರ್ತಿ ಇಳಿಯಿತು. ಟೊಳ್ಳು ಸೂಜಿ. ಒಳಗೆ ಯಾರದೋ ರಕ್ತ ಇನ್ನೂ ಕೆಂಪಗಿತ್ತು.

ಹಲಗೆಯ ಮೂಲೆಯಲ್ಲಿ ಎಲೆಯ ಪಕ್ಕ ಇನ್ನೂರ ತೊಂಬತ್ತೇಳು ಎಂದಿತ್ತು.

ಗಾಯ ತೊಳೆಯುವ ಕೋಣೆಯ ಹಳೇ ನರ್ಸು ನಲ್ಲಿಯ ಕೆಳಗೆ ಕೈ ಹಿಡಿಸಿ ಬಹಳ ಹೊತ್ತು ತೊಳೆದಳು. ಯಾರ ರಕ್ತವೆಂದು ತಿಳಿಯುವಂತಿರಲಿಲ್ಲ.

"ಎಚ್‌ಐವಿ ಅಂಟದ ಹಾಗೆ ಮಾತ್ರೆ ಶುರು ಮಾಡ್ಬೇಕು. ಮೂರು ದಿನದೊಳಗೆ ಅಂತಾರೆ, ಆದ್ರೆ ಮೂರು ದಿನ ಕಾಯಿರಿ ಅಂತ ಅರ್ಥ ಅಲ್ಲ. ಗಂಟೆ ಗಂಟೆ ಲೆಕ್ಕ. ಮೊಲೆ ಹಾಲು ಕೂಸಿಗೆ ಕೊಡಬೇಡ, ಡಾಕ್ಟರು ಹೇಳೋವರೆಗೆ. ಮಾತ್ರೆ ಅಗೋ ಆ ಕಪಾಟಲ್ಲೇ ಇದೆ. ಕೆಲಸದಲ್ಲಿ ಚುಚ್ಚಿದ್ದು ಅಂತ ನಿಮ್ಮ ಮ್ಯಾನೇಜರು ಕಂಪ್ಯೂಟರಲ್ಲಿ ಹಾಕ್ಬೇಕು. ಹಾಕಿದ್ರೆ ಒಂದು ನಂಬರ್ ಬರತ್ತೆ. ಆ ನಂಬರ್ ಒತ್ತದೆ ನನ್ನ ಕಪಾಟು ತೆರೆಯಲ್ಲ."

"ಕಪಾಟಿಗೂ ಕಂಪ್ಯೂಟರಾ?" ಎಂದಳು ಜೊತೆಗೆ ಬಂದಿದ್ದ ಗುಡುಗಕ್ಕ.

"ಎಲ್ಲಕ್ಕೂ. ನನ್ನ ಸಾವಿಗೂ ಒಂದು ನಂಬರ್ ಬೇಕಾಗತ್ತೆ. ಹೋಗು, ಬೇಗ ತಾ."

ಮ್ಯಾನೇಜರ್ ಸೊಸೆಯ ಕೈ ನೋಡಲಿಲ್ಲ. ಹಲಗೆ ನೋಡಿದ.

"ಗುರುವಾರ ಮುನ್ನೂರು ಆಗತ್ತೆ" ಎಂದ. "ಗುರುವಾರ ಮಧ್ಯಾಹ್ನ ಹೊರಗಿನ ದೊಡ್ಡೋರು ನೋಡೋಕೆ ಬರ್ತಾರೆ. ಮುನ್ನೂರು ದಿನ ಅಪಘಾತ ಇಲ್ಲ ಅಂತ ಫಲಕ ಕೊಡ್ತಾರೆ. ಅವರು ಹೋದ ತಕ್ಷಣ ನಾನೇ ಹಾಕ್ತೀನಿ. ನನ್ನ ಮಾತು."

"ಮಧ್ಯಾಹ್ನ ಅಂದ್ರೆ ಮೂರು ದಿನ ದಾಟಿರತ್ತೆ" ಎಂದಳು ಗುಡುಗಕ್ಕ.

"ಒಂದು ಚುಚ್ಚಿಗೆ ಇಷ್ಟು ಗಲಾಟೆ ಯಾಕೆ? ಬೇಕಾದ್ರೆ ಒಂದು ದಾರಿ ಇದೆ." ಬಿಳಿ ಹಾಳೆ ತೆಗೆದ. "ಮನೇಲಿ ಬಟ್ಟೆ ಹೊಲಿಯುವಾಗ ಚುಚ್ಚಿತು ಅಂತ ಬರ್ಕೊಡ್ಲಿ. ಹೊರಗಿನ ರೋಗಿ ಅಂತ ಮಾಡಿ ಮಾತ್ರೆ ಕೊಡಿಸ್ತೀನಿ."

ಸೊಸೆ ಬರೆದಳು. ಚುಚ್ಚಿದ ಕೈಯಿಂದಲೇ ಬರೆದಳು, ಇನ್ನೊಂದು ಕೈಗೆ ಬರೆಯಲು ಬರುತ್ತಿರಲಿಲ್ಲ. ಹಾಳೆಯ ಅಂಚಿಗೆ ರಕ್ತ ಹತ್ತಿದಾಗ ಅವನು ಹೊಸ ಹಾಳೆ ಕೊಟ್ಟು ಮತ್ತೆ ಬರೆಸಿದ. ಹಳೇ ನರ್ಸು ಅದನ್ನು ಓದಿ ಮೇಜಿನ ಮೇಲೆ ಬಿಸಾಕಿದಳು.

"ಮನೇಲಿ ಅಂಗಿ ಹೊಲಿಯೋ ಸೂಜಿಗೆ ಈ ಮಾತ್ರೆ ಯಾವ ಡಾಕ್ಟರು ಬರೀತಾನೆ? ನಿಮ್ಮ ಮ್ಯಾನೇಜರ ತಲೇಲಿ ಏನಿದೆ, ಸೋಡಾ ನೀರಾ?"

ಮತ್ತೆ ಕೆಳಗೆ ಬಂದರೆ ಮ್ಯಾನೇಜರ್ ಮೀಟಿಂಗಿಗೆ ಹೋಗಿದ್ದ. ಕೆಲಸ ಮುಗಿಯುವವರೆಗೆ ಅವನ ಕೋಣೆಯ ಮುಂದೆ ಇಬ್ಬರೂ ನಿಂತರು. ಕೂರಲು ಕುರ್ಚಿ ಇತ್ತು, ಬಟ್ಟೆ ಒಗೆಯುವವರು ಅದರ ಮೇಲೆ ಕೂರುವ ಹಾಗಿರಲಿಲ್ಲ.

ಸಂಜೆ ಮನೆಯಲ್ಲಿ ಕೂಸಿಗೆ ಬಾಟಲಿ ಹಿಡಿದಳು ಗುಡುಗಕ್ಕ. ಕೂಸು ಅದನ್ನು ಉಗುಳಿ, ತಲೆ ತಿರುಗಿಸಿ, ತಾಯಿಯ ಕಡೆ ಕೈ ಚಾಚಿ ಅಳುತ್ತಿತ್ತು. ತಾಯಿ ಅದಕ್ಕೆ ಬೆನ್ನು ಹಾಕಿ ಬಚ್ಚಲಲ್ಲಿ ನಿಂತು ಎದೆ ಹಿಂಡಿ ಹಾಲನ್ನು ಮೋರಿಗೆ ಬಿಡುತ್ತಿದ್ದಳು. ಬಿಳಿ ಹಾಲು ಬಿಳಿ ನೀರಾಗಿ ಹೋಯಿತು. ರವಿಕೆಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದವಳು ಅತ್ತೆಯ ಮುಖ ನೋಡದೆ ಹೇಳಿದಳು.

"ಒದರಬೇಡ ಅಂದೋರು ನೀವೇ."

ಗುಡುಗಕ್ಕ ಕೂಸನ್ನು ತೋಳಿಂದ ತೋಳಿಗೆ ಬದಲಿಸಿದಳು. ಅವಳಿಗೆ ಸಿಟ್ಟು ಬಂದದ್ದು ಸೊಸೆಯ ಮೇಲಲ್ಲ. ಚಪ್ಪಾಳೆಗೆ ತಲೆ ತಗ್ಗಿಸಿ ಹಿಗ್ಗಿದ ಆ ಹಸಿರು ಹೆಂಗಸಿನ ಮೇಲೆ.

ಮಂಗಳವಾರ ಬೆಳಿಗ್ಗೆ ಏಳಕ್ಕೆ, ಬಾಯ್ಲರು ಬಿಸಿಯಾಗುವ ಮೊದಲೇ, ಎಲ್ಲರನ್ನೂ ಯಂತ್ರಗಳ ಹಿಂದೆ ಸೇರಿಸಿದಳು.

"ಇವತ್ತು ಜೋಡಿ" ಎಂದಳು. "ಹಳೇ ಥರ. ನಾಲ್ಕು ಮೂಲೆ. ಪ್ರತಿ ಚಾದರ ಎರಡು ಸಲ ಬಡೀಬೇಕು. ನಿಂತ್ಕೋಬೇಡಿ, ಓಡಬೇಡಿ."

"ಕೆಂಪಾಗತ್ತೆ" ಎಂದಳು ಕುಳ್ಳಿ.

"ಆಗ್ಲಿ."

"ನಂದು ಈಗ್ಲೇ ಎರಡಾಗಿದೆ. ಇವತ್ತು ಮೂರನೇದು. ನನ್ನ ಗಂಡ ಮಂಚ ಹಿಡಿದು ಎರಡು ವರ್ಷ ಆಯ್ತು, ನಿನಗೇ ಗೊತ್ತು. ಗೇಟಿಗೆ ಹಾಕಿದ್ರೆ ನೀನು ಬಂದು ಅನ್ನ ಹಾಕ್ತೀಯಾ?"

"ಒಬ್ಬಳು ಕೆಂಪಾದ್ರೆ ಗೇಟು. ಹತ್ತೊಂಬತ್ತು ಜನಾನೂ ಕೆಂಪಾದ್ರೆ? ಆ ರಕ್ತ ಹೇಲು ಯಾರು ಒಗೀತಾರೆ? ಮ್ಯಾನೇಜರ ಹೆಂಡ್ತಿ ಬರ್ತಾಳಾ?"

"ಬಂದ್ರೂ ಅವಳು ನಿಂತು ನೋಡ್ತಾಳಷ್ಟೇ, ಗಂಡನ ಥರಾನೇ" ಎಂದಳು ಇನ್ನೊಬ್ಬಳು. ಯಾರೋ ನಕ್ಕರು. ಕುಳ್ಳಿ ನಗಲಿಲ್ಲ. ಸೊಸೆಯ ಪಟ್ಟಿ ಕಟ್ಟಿದ ಕೈಯನ್ನು ಒಮ್ಮೆ ನೋಡಿ, ಹೋಗಿ ಒಂದು ಚಾದರದ ಎರಡು ಮೂಲೆ ಹಿಡಿದು, "ಬನ್ನಿ ಯಾರಾದ್ರೂ, ಎಷ್ಟು ಹೊತ್ತು ಹಿಡ್ಕೊಂಡು ನಿಲ್ಲಲಿ" ಎಂದಳು.

ಸೊಸೆಯನ್ನು ಬಿಟ್ಟು ಹದಿನೆಂಟು ಜನ, ಒಂಬತ್ತು ಜೋಡಿ. ಸೊಸೆ ಚಿಮಟ ಹಿಡಿದು ಕೂತಳು, ಉದುರಿದ್ದನ್ನು ಹೆಕ್ಕಿ ಉಕ್ಕಿನ ತಟ್ಟೆಗೆ ಹಾಕಲು. ಹಿಂದಿನ ದಿನ ಒಗೆದ ಚಾದರಗಳಲ್ಲಿ ಎಂಬತ್ತನ್ನು ಗುಡುಗಕ್ಕ ಬೇರೆ ತೆಗೆದು ಹೆರಿಗೆ ಕೋಣೆಗೂ ಅಪಘಾತದ ಕೋಣೆಗೂ ಮೊದಲೇ ಕಳಿಸಿದಳು. ಅಲ್ಲಿಯವರು ಕಾಯಲಾರರು. ಉಳಿದವರು ಕಾಯಬಹುದು. ಕಾಯುವುದು ಅವರಿಗೂ ಒಂಚೂರು ಅಭ್ಯಾಸವಾಗಲಿ.

ಫಟ್. ಫಟ್. ಒಂಬತ್ತು ಚಾದರ ಒಟ್ಟಿಗೆ ಬಡಿದರೆ ನೆಲಮಾಳಿಗೆಯೇ ಕೆನ್ನೆಗೆ ಹೊಡೆಸಿಕೊಂಡ ಹಾಗೆ ಸದ್ದು. ಎಂಟು ಗಂಟೆಗೆ ಹಲಗೆಯ ಪಟ್ಟಿಗಳು ಹಳದಿಯಾದವು. ಎಂಟೂವರೆಗೆ ಒಂದೊಂದೇ ಕೆಂಪು. ಒಂಬತ್ತಕ್ಕೆ ಎಡದಿಂದ ಬಲಕ್ಕೆ ಎಲ್ಲವೂ ಕೆಂಪು. ಆ ಹಲಗೆ ಗೋಡೆಗೇರಿದ ಮೇಲೆ ಮೊದಲ ಸಲ ನಿಜ ಹೇಳಿತು.

ಮ್ಯಾನೇಜರ್ ಓಡಿಬಂದ.

"ಯಾಕೆ ಕೆಲಸ ನಿಲ್ಲಿಸಿದೀರಿ?"

"ನಿಲ್ಲಿಸಿದೀವಾ? ಕಣ್ಣಿದ್ರೆ ನೋಡಿ" ಎಂದಳು ಗುಡುಗಕ್ಕ. ಚಾದರ ಬಡಿದ ಗಾಳಿಗೆ ಅವನ ಟೈ ಹಾರಿ ಹೆಗಲ ಮೇಲೆ ಬಿತ್ತು.

"ಮೂರನೇ ಮಹಡೀಲಿ ಇದೆಲ್ಲಾ ಕಾಣತ್ತೆ. ಸಾಹೇಬ್ರ ಫೋನಲ್ಲೂ ಕಾಣತ್ತೆ."

"ಕಾಣ್ಲಿ ಅಂತಾನೇ ಹಾಕಿಸಿದ್ದಲ್ವಾ. ನಂಬರ್ ಹಾಕಿ, ಅವಳಿಗೆ ಮಾತ್ರೆ ಕೊಡ್ಸಿ. ಆಮೇಲೂ ಹೀಗೇ ಒದರ್ತೀವಿ, ಆದ್ರೆ ಜಗಳ ಆಡಲ್ಲ."

"ಬೆದರಿಸ್ತೀಯಾ?"

"ಚಾದರ ಒದರ್ತಿದೀನಿ."

ಹನ್ನೊಂದಕ್ಕೆ ಆಪರೇಷನ್ ಕೋಣೆಯಲ್ಲಿ ಚಾದರ ಮುಗಿಯಿತು. ಹನ್ನೊಂದೂ ಕಾಲಿಗೆ ದೊಡ್ಡ ಸರ್ಜನ್ ಸ್ವತಃ ಕೆಳಗಿಳಿದು ಬಂದ. ಹದಿನೈದು ವರ್ಷ ಆ ಕಟ್ಟಡದಲ್ಲಿ ಕೆಲಸ ಮಾಡಿದವನಿಗೆ ನೆಲಮಾಳಿಗೆಯ ಬಾಗಿಲು ಯಾವ ಕಡೆಗಿದೆ ಎಂದು ಕಾವಲುಗಾರನನ್ನು ಕೇಳಬೇಕಾಯಿತು. ಒಳಗೆ ಬಂದವನೇ ಹಬೆಯ ಕೊಳವೆಗೆ ಹಣೆ ಬಡಿಸಿಕೊಂಡ. ಯಾರೂ ನಗಲಿಲ್ಲ. ಕಷ್ಟಪಟ್ಟು ನಗಲಿಲ್ಲ.

"ರೋಗಿ ಮೇಜಿನ ಮೇಲೆ ಮಲಗಿದಾನೆ. ಇದು ಜೀವದ ಪ್ರಶ್ನೆ" ಎಂದು ಹಣೆ ಉಜ್ಜಿಕೊಳ್ಳುತ್ತ ಕೂಗಿದ.

"ಅಪಘಾತದ ಕೋಣೇಲಿ ನಲವತ್ತು ಚಾದರ ಇದೆ, ಜೀವದ ಪ್ರಶ್ನೆ ಆದ್ರೆ ತಗೊಳ್ಳಿ ಅಂತ ಬೆಳಿಗ್ಗೇನೇ ಹೇಳಿ ಕಳ್ಸಿದೀನಿ. ನಿಮ್ಮ ಮೇಜಿನ ಮೇಲಿರೋರದ್ದು ಕಾಲಿನ ಉಬ್ಬಿದ ನರ. ವಾರದ ಹಿಂದೆ ತಾರೀಕು ಕೊಟ್ಟಿದ್ದು. ಪಟ್ಟಿ ನಮಗೂ ಬರತ್ತೆ ಸ್ವಾಮಿ, ಎಷ್ಟು ಚಾದರ ಬೇಕು ಅಂತ."

ಸರ್ಜನ್ ಬಾಯಿ ತೆರೆದ. ಗುಡುಗಕ್ಕ ಸೊಸೆಯ ಮುಂದಿದ್ದ ಉಕ್ಕಿನ ತಟ್ಟೆಯನ್ನು ತಂದು ಅವನ ಮೂಗಿನ ಕೆಳಗೆ ಹಿಡಿದಳು. ಹದಿಮೂರು ಸೂಜಿ, ಎರಡು ಅಲಗು. ಚಿಮಟದಿಂದ ಒಂದನ್ನು ಎತ್ತಿ ತೋರಿಸಿದಳು. ಬಾಗಿದ ಸೂಜಿ, ಬಾಲಕ್ಕೆ ಕಪ್ಪು ದಾರ.

"ಇಂಥದ್ದರಲ್ಲಿ ನಾವು ಮನೇಲಿ ಅಂಗಿ ಹೊಲಿಯೋದಿಲ್ಲ. ಯಾರದ್ದು ಇದು?"

ಸರ್ಜನ್ ಅದನ್ನು ನೋಡಿದ. ಅವನಿಗೆ ಗೊತ್ತಿತ್ತು. ಒಳಗೆ ಕರುಳು ಹೊಲಿಯುವ ಸೂಜಿ. ಅದನ್ನು ಬಳಸುವವರು ಆ ಆಸ್ಪತ್ರೆಯಲ್ಲಿ ಇಬ್ಬರೇ, ಇನ್ನೊಬ್ಬ ರಜೆಯಲ್ಲಿದ್ದ.

"ಇದೆಲ್ಲಾ ಎಷ್ಟು ದಿನದ್ದು?" ಎಂದ, ದನಿ ಇಳಿಸಿ.

"ಬೆಳಿಗ್ಗೆ ಏಳರಿಂದ ಈಗಿನವರೆಗಿಂದು. ಈ ತಟ್ಟೇಲಿರೋಂಥ ಟೊಳ್ಳು ಸೂಜಿ ಒಂದು ನಿನ್ನೆ ಇವಳ ಅಂಗೈಯೊಳಗೆ ಹೋಯ್ತು. ಎಳೇ ಕೂಸಿನ ತಾಯಿ. ಇಪ್ಪತ್ತೈದು ಗಂಟೆ ಆಯ್ತು. ಮಾತ್ರೆ ಕೊಟ್ಟಿಲ್ಲ, ಅಂಕಿ ಕೆಡತ್ತೆ ಅಂತ."

ಸರ್ಜನ್ ಮ್ಯಾನೇಜರನ ಕಡೆ ತಿರುಗಿದ. ಅವನಿಗೆ ಮರುಕ ಹುಟ್ಟಿತೋ, ಬಾಗಿದ ಸೂಜಿಯ ಸುದ್ದಿ ಹೊರಗೆ ಹೋದೀತೆಂಬ ಹೆದರಿಕೆ ಹುಟ್ಟಿತೋ, ಯಾರು ಕಂಡರು. ಗುಡುಗಕ್ಕ ಎರಡನೆಯದು ಎಂದೇ ಇಂದಿಗೂ ಹೇಳುತ್ತಾಳೆ.

"ಹಾಕ್ರಿ ಅದನ್ನ. ಈಗಲೇ."

ಮ್ಯಾನೇಜರ್ ಕಂಪ್ಯೂಟರಿನ ಮುಂದೆ ಕೂತ. ಕೂತವನು ಕೂತೇ ಇದ್ದ. ಅಪಘಾತ ಹಾಕುವ ಗುಂಡಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಣ್ಣದ ಸಾಹೇಬನಿಗೆ ಫೋನು ಹೋಯಿತು. ಅವನು ಬಂದು, ಬೂಟಿಗೆ ಚೀಲ ಕಟ್ಟಿಕೊಳ್ಳುವುದನ್ನೂ ಮರೆತು, ಪರದೆಯ ಮೇಲೆ ಹುಡುಕಿದ. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಹಿಂದೆ ಹೋದ, ಮುಂದೆ ಬಂದ. ಒಮ್ಮೆ ಹವಾಮಾನ ಬಂತು.

"ಅದನ್ನ ಅಪರೂಪಕ್ಕೆ ಬಳಸೋದು ಅಂತ ಒಳಗಡೆ ಇಟ್ಟಿದ್ದೆ. ಮೊದಲ ಪರದೆ ಗಿಜಿಗಿಜಿ ಆಗ್ಬಾರ್ದು ಅಂತ" ಎಂದು ಬೆವರು ಒರೆಸಿಕೊಂಡ.

"ನಿಧಾನಕ್ಕೆ ಹುಡುಕಿ" ಎಂದಳು ಸೊಸೆ. ಆ ಎರಡು ದಿನಗಳಲ್ಲಿ ಅವಳು ಅಲ್ಲಿ ಆಡಿದ ಒಂದೇ ಮಾತು ಅದು.

ಇಪ್ಪತ್ತೆರಡು ನಿಮಿಷ ಬೇಕಾಯಿತು. ಗೋಡೆ ಗಡಿಯಾರ ನೋಡಿ ಕುಳ್ಳಿ ಎಣಿಸಿದ್ದಳು. ಗುಂಡಿ ಸಿಕ್ಕಿತು. ಬೂದು ಬಣ್ಣದ ಮೇಲೆ ಬೂದು ಅಕ್ಷರ, ಸಾಸಿವೆಯಷ್ಟು. ಒತ್ತಿದರು. ಎಲೆಯ ಪಕ್ಕದ ಇನ್ನೂರ ತೊಂಬತ್ತೆಂಟು ಅಳಿಸಿ ಸೊನ್ನೆ ಬಂತು. ಮ್ಯಾನೇಜರ್ ಮನೆಯಲ್ಲಿ ಯಾರೋ ತೀರಿಹೋದ ಹಾಗೆ ಕಣ್ಣು ಮುಚ್ಚಿಕೊಂಡ.

ಹನ್ನೆರಡೂ ಮುಕ್ಕಾಲಿಗೆ ಕಪಾಟು ತೆರೆಯಿತು. ಹಳೇ ನರ್ಸು ಸೊಸೆಯ ನಾಲಿಗೆಯ ಮೇಲೆ ಮೊದಲ ಮಾತ್ರೆ ಇಟ್ಟು ನೀರು ಕುಡಿಸಿದಳು. ಇಪ್ಪತ್ತೆಂಟು ದಿನ ನುಂಗಬೇಕು. ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಆಮೇಲೆ ರಕ್ತ ಪರೀಕ್ಷೆ, ಮತ್ತೊಂದು, ಮತ್ತೊಂದು. ಏನಾಗುತ್ತದೆಂದು ಆ ದಿನ ಯಾರೂ ಹೇಳುವಂತಿರಲಿಲ್ಲ. ಈಗಲೂ ಕೊನೆಯ ಪರೀಕ್ಷೆ ಬಾಕಿಯಿದೆ.

ಗುರುವಾರ ಹೊರಗಿನ ದೊಡ್ಡವರು ಬರಲಿಲ್ಲ. ಬಣ್ಣದ ಸಾಹೇಬ ಬಂದ. ಜೊತೆಗೆ ಮ್ಯಾನೇಜರ್, ಸರ್ಜನ್. ಈ ಸಲವೂ ನಗುನಗುತ್ತ.

"ನಿಮ್ಮ ಮಾತು ಕೇಳಿದೀನಿ. ಹಲಗೇಲಿ ಸೂಜಿಗೂ ಜಾಗ ಮಾಡಿದೀನಿ. ಯಾರು ದಿನಕ್ಕೆ ಎಷ್ಟು ಸೂಜಿ ಹಿಡಿದ್ರು ಅಂತ ಪ್ರತಿಯೊಬ್ಬರ ಹೆಸರಿನ ಮುಂದೆ ಬರತ್ತೆ. ಹೆಚ್ಚು ಹಿಡಿದವರಿಗೆ ಹಸಿರು. ಕೆಂಪು ಕಣ್ಣಿಗೆ ಚುಚ್ಚತ್ತೆ ಅಂತ ಅದರ ಬದಲು ಕಿತ್ತಳೆ ಮಾಡಿದೀನಿ."

ಗುಡುಗಕ್ಕ ಅವನನ್ನು ಬೂಟಿನಿಂದ ತಲೆಯವರೆಗೆ ನೋಡಿದಳು. ಇಂಥವನನ್ನೂ ಒಬ್ಬ ತಾಯಿ ಶಾಲೆಗೆ ಕಳಿಸಿದ್ದಳಲ್ಲ ಎಂದುಕೊಂಡಳು.

"ಹಿಡಿದೋರ ಹೆಸರು ಬರತ್ತೆ. ಬಿಸಾಕಿದೋರ ಹೆಸರು?"

"ಅದು ಸ್ವಲ್ಪ ಸೂಕ್ಷ್ಮ ವಿಷಯ."

"ಸೂಕ್ಷ್ಮ ಏನಿಲ್ಲ. ಈ ಹಲಗೇನ ಬಿಚ್ಚಿ. ಆಪರೇಷನ್ ಕೋಣೆ ಗೋಡೆಗೆ ಹಾಕಿ. ಯಾವ ಡಾಕ್ಟರ ಚಾದರದಲ್ಲಿ ಎಷ್ಟು ಸಿಕ್ತು ಅಂತ ಅವರ ಹೆಸರಿನ ಮುಂದೆ ಬರ್ಲಿ. ದಪ್ಪ ಅಕ್ಷರದಲ್ಲಿ."

"ಡಾಕ್ಟರ ಹೆಸರಿನ ಮುಂದೆ ಕೆಂಪು ಹಾಕೋದಾ?" ಎಂದ ಸರ್ಜನ್. ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಎಲ್ಲರೂ ನೋಡೋ ಹಾಗೆ? ಮನಸ್ಸಿಗೆ ಪೆಟ್ಟಾಗತ್ತಮ್ಮ. ಆಮೇಲೆ ಕೈ ನಡುಗತ್ತೆ. ಕೆಲಸ ಮಾಡೋದು ಹೇಗೆ?"

"ನಮ್ಮ ಮನಸ್ಸು ಏನು, ಸೋಪಲ್ಲಿ ಮಾಡಿದ್ದಾ?"

ಪರಿಶೀಲಿಸೋಣ ಎಂದರು. ಮೂರೂ ಜನ ಮೆಟ್ಟಿಲು ಹತ್ತಿದರು. ಕೊಳವೆಗೆ ತಲೆ ತಗ್ಗಿಸುವುದನ್ನು ಸರ್ಜನ್ ಕಲಿತಿದ್ದ, ಅಷ್ಟು ಮಾತ್ರ.

ಅರ್ಧ ಗಂಟೆಗೆ ಜಾರುಕೊಳವೆಯಲ್ಲಿ ಆಪರೇಷನ್ ಕೋಣೆಯ ಗಂಟು ಬಂದು ಬಿತ್ತು. ಗುಡುಗಕ್ಕ, ಕುಳ್ಳಿ ಬಿಚ್ಚಿದರು. ಮೊದಲ ಚಾದರ ಬಡಿದರು. ಟಿಣ್ಣೆಂದು ಸೂಜಿ ನೆಲಕ್ಕೆ ಬಿತ್ತು. ಗುಡುಗಕ್ಕ ಎರಡನೆಯದನ್ನು ಮುಟ್ಟಲಿಲ್ಲ. ಎಲ್ಲವನ್ನೂ ಮತ್ತೆ ಸುತ್ತಿ ಗಂಟು ಕಟ್ಟಿದಳು. ಚಾದರಕ್ಕೆ ಗುರುತು ಹಾಕುವ ಕರೀ ಶಾಯಿಯಲ್ಲಿ ಗಂಟಿನ ಮೇಲೆ ಅಂಗೈಯಗಲದ ಅಕ್ಷರ ಬರೆದಳು. ಸೂಜಿ ಇದೆ. ಒಗೆಯುವುದಿಲ್ಲ.

"ಹಿಡಿ" ಎಂದಳು ಕುಳ್ಳಿಗೆ.

ಇಬ್ಬರೂ ಎರಡು ಕಡೆ ಹಿಡಿದು ಮೆಟ್ಟಿಲು ಹತ್ತಿದರು. ಮೊದಲ ಮಹಡಿ, ಎರಡನೇ ಮಹಡಿ. ಒದ್ದೆ ಕಾಲಿನ ಗುರುತು ಬಿಳಿ ನೆಲದ ಮೇಲೆ ಸಾಲಾಗಿ ಮೂಡಿತು. ಹಿಂದಿನಿಂದ ಮ್ಯಾನೇಜರ್ ಕೂಗುತ್ತ ಬರುತ್ತಿದ್ದ, ಮೊದಲು ಗದರಿಸಿ, ಆಮೇಲೆ ಅಂಗಲಾಚಿ. ಅವರು ತಿರುಗಲಿಲ್ಲ. ಆಪರೇಷನ್ ಕೋಣೆಯ ಬಾಗಿಲಲ್ಲಿ ಹಸಿರು ಅಂಗಿಯವಳೊಬ್ಬಳು ಕೈ ಅಡ್ಡ ಹಿಡಿದಳು.

"ಇಲ್ಲಿ ಇಡಬಾರ್ದು. ಇದು ಶುದ್ಧ ಜಾಗ."

"ಗೊತ್ತು" ಎಂದಳು ಗುಡುಗಕ್ಕ. "ಶುದ್ಧ ಮಾಡೋರು ನಾವೇ."

ಗಂಟನ್ನು ಅವಳ ಕಾಲ ಬುಡದಲ್ಲಿ ಇಟ್ಟರು. ಬೆನ್ನು ನೆಟ್ಟಗೆ ಮಾಡಿಕೊಂಡು ಇಳಿದುಹೋದರು. ಆ ದಿನ ಸಂಜೆಯೊಳಗೆ ಇನ್ನೂ ನಾಲ್ಕು ಗಂಟುಗಳು ಮೇಲೆ ಹೋದವು.